ಲೇಬಲ್ ಮೇಲೆ ಬರೀ ಐಜಿಪಿ, ಬೆಲೆ ಮಾತ್ರ ಎಒಸಿಗಿಂತ ಜಾಸ್ತಿ: ಮಾಸ್ ದ ದೋಮಾಸ್ ಗಸ್ಸಾಕ್ ಯಾಕೆ ಹೀಗೆ?

ಹೊಸರುಚಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸದ್ಯಕ್ಕೆ ಕೆಲಸದ ಮೇಲೆ ಫ್ರಾನ್ಸ್‌ನ ಮಾಂಪೆಲಿಯೆಯಲ್ಲಿದ್ದೇನೆ. ನಮ್ಮ ಲ್ಯಾಬಿನ ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದಾರೆ. ನನಗೆ ತುಂಬಾ ಕಲಿಸಿದವರು. ಇದೇ ಸೀಮೆಯ ಒಂದು ಒಳ್ಳೆಯ ರೆಡ್ ವೈನ್ ಕೊಡೋಣ ಅಂತ ಅಂಗಡಿಗೆ ಹೋಗಿ ಕೇಳಿದರೆ, ಅಂಗಡಿಯವರು ಒಂದು ಕ್ಷಣವೂ ಯೋಚಿಸದೆ ಮಾಸ್ ದ ದೋಮಾಸ್ ಗಸ್ಸಾಕ್ ತೆಗೆದು ಕೈಗಿಟ್ಟರು. 2019ರದ್ದು. ಬೆಲೆ 50 ಯೂರೋ ಹತ್ತಿರ.

ನನಗೆ ಗೊಂದಲ ಆಗಿದ್ದು ಲೇಬಲ್ ನೋಡಿ. ಅದರ ಮೇಲೆ ಐಜಿಪಿ (ವೈನ್ ಯಾವ ಸೀಮೆಯದ್ದು ಅಂತ ಹೇಳುವ ದರ್ಜೆ) ಅಂತ ಇದೆ, ಜೊತೆಗೆ ಸಾಂ ಗಿಲೆಮ್ ಲ ದೆಸೆರ್ ಅನ್ನುವ ಊರಿನ ಹೆಸರು. ನನಗೆ ಗೊತ್ತಿರುವಂತೆ ಫ್ರಾನ್ಸ್‌ನಲ್ಲಿ ಎಒಸಿ ಅನ್ನುವ ಬಿಗಿ ನಿಯಮದ ದರ್ಜೆ ಎಲ್ಲಕ್ಕಿಂತ ಮೇಲೆ, ಐಜಿಪಿ ಅದರ ಕೆಳಗೆ, ಯಾವ ಊರಿನ ಹೆಸರೂ ಇಲ್ಲದ ವೈನುಗಳು ಇನ್ನೂ ಕೆಳಗೆ. ಅದೇ ಅಂಗಡಿಯಲ್ಲಿ ಪಕ್ಕದ ಸಾಲಿನಲ್ಲೇ ಎಒಸಿ ಲಾಂಗ್‌ಡಾಕ್ (ಮಾಂಪೆಲಿಯೆ ಸುತ್ತಲಿನ ಇದೇ ಸೀಮೆ) ಬಾಟಲಿಗಳು 15, 20 ಯೂರೋಗೆ ಇದ್ದವು. ಕೆಳಗಿನ ದರ್ಜೆಯದ್ದಕ್ಕೆ ಮೂರು ಪಟ್ಟು ಬೆಲೆ ಹೇಗೆ? ಅದರ ಮೇಲೆ ಇದರಲ್ಲಿ ಜಾಸ್ತಿ ಇರುವುದು ಕ್ಯಾಬರ್ನೆ ಸೋವಿನ್ಯಾನ್ ಅಂತೆ. ಅದು ಪಶ್ಚಿಮ ಫ್ರಾನ್ಸ್‌ನ ಬೋರ್ಡೋ ಸೀಮೆಯ ದ್ರಾಕ್ಷಿ ಅಲ್ವಾ, ಇಲ್ಲಿ ಏನು ಕೆಲಸ?

ಫ್ರೆಂಚ್ ಹಿರಿಯರೊಬ್ಬರಿಗೆ ಐಜಿಪಿ ಅಂತ ಬರೆದ ಬಾಟಲಿ ಕೊಟ್ಟರೆ ಅಗ್ಗದ್ದು ತಂದ ಅಂತ ಅಂದುಕೊಳ್ಳುತ್ತಾರಾ? ಕೊಡಬಹುದು ಅಂತಾದರೆ, ಈಗಲೇ ತೆರೆಯುವಂಥದ್ದಾ ಅಥವಾ ಇಟ್ಟು ಕುಡಿಯುವಂಥದ್ದಾ ಅನ್ನುವುದನ್ನೂ ಹೇಳಿ.

---

ಬಳ್ಳಿಬೇರು ಬರೆದದ್ದು:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಧೈರ್ಯವಾಗಿ ಕೊಡಿ. ಲಾಂಗ್‌ಡಾಕ್ ಸೀಮೆಯವರು ಅಂದಮೇಲೆ, ವೈನ್ ಮೇಲೆ ಸ್ವಲ್ಪ ಆಸಕ್ತಿ ಇದ್ದರೂ ಸಾಕು, ಈ ಹೆಸರು ಅವರಿಗೆ ಗೊತ್ತಿರುತ್ತದೆ. ಐಜಿಪಿ ಅನ್ನುವ ಮೂರಕ್ಷರ ನೋಡಿ ಯಾರೂ ಮೂಗು ಮುರಿಯುವುದಿಲ್ಲ.

ಈಗ ದರ್ಜೆಯ ವಿಷಯ. ನೀವು ಹೇಳಿದ ಮೇಲು ಕೆಳಗಿನ ಕ್ರಮ ಸರಿಯೇ. ಆದರೆ ಆ ಕ್ರಮ ಅಳೆಯುವುದು ರುಚಿಯನ್ನಲ್ಲ, ನಿಯಮವನ್ನು. ಎಒಸಿ ಅಂದರೆ ಒಂದು ಜಾಗಕ್ಕೆ ಕಟ್ಟಿಕೊಟ್ಟ ನಿಯಮಗಳ ಕಂತೆ. ಯಾವ ತಳಿ ನೆಡಬೇಕು, ಯಾವುದು ಎಷ್ಟು ಪಾಲು ಇರಬೇಕು, ಹೆಕ್ಟೇರಿಗೆ ಎಷ್ಟು ಇಳುವರಿ, ಬಳ್ಳಿ ಹೇಗೆ ಸವರಬೇಕು, ಎಲ್ಲ ಅದರಲ್ಲೇ ಬರುತ್ತದೆ. ಲಾಂಗ್‌ಡಾಕ್ ಎಒಸಿಯ ರೆಡ್ ವೈನ್‌ಗೆ ಗ್ರೆನಾಶ್, ಸಿರಾ, ಮೂರ್ವೆದ್ರ್, ಕಾರಿನ್ಯಾನ್, ಸಾಂಸೋ ಇಂಥ ದಕ್ಷಿಣದ ತಳಿಗಳೇ ಆಧಾರ. ಕ್ಯಾಬರ್ನೆ ಸೋವಿನ್ಯಾನ್‌ಗೆ ಅಲ್ಲಿ ಜಾಗವಿಲ್ಲ. ದೋಮಾಸ್ ಗಸ್ಸಾಕ್ ರೆಡ್‌ನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಅದೇ ದ್ರಾಕ್ಷಿ. ಉಳಿದದ್ದರಲ್ಲಿ ಮೆರ್ಲೋ, ತನ್ನಾ, ಕ್ಯಾಬರ್ನೆ ಫ್ರಾಂಕ್, ಮಾಲ್ಬೆಕ್, ಪೆತಿ ವೆರ್ದೋ, ಪಿನೋ ನ್ವಾರ್, ಅಷ್ಟೇ ಅಲ್ಲದೆ ಇಟಲಿ, ಜಾರ್ಜಿಯಾ ಕಡೆಯ ತಳಿಗಳು ಕೂಡ ಚೂರುಚೂರು ಸೇರುತ್ತವೆ. ಈ ಮಿಶ್ರಣ ಹಿಡಿದುಕೊಂಡು ಯಾವ ಎಒಸಿ ಬಾಗಿಲು ತಟ್ಟಿದರೂ ತೆರೆಯುವುದಿಲ್ಲ. ಹಾಗಾಗಿ ಮೊದಲಿಂದ ವಾಂ ದ ಪೇಯಿ, ಅಂದರೆ 'ನಾಡಿನ ವೈನ್' ಅನ್ನುವ ದರ್ಜೆಯಲ್ಲಿ ಮಾರಿದರು. 2009ರ ಸುಧಾರಣೆ ಬಂದಮೇಲೆ ವಾಂ ದ ಪೇಯಿ ಹೋಗಿ ಐಜಿಪಿ ಆಯಿತು, ಅಷ್ಟೇ.

ಇನ್ನೊಂದು ಸಂಗತಿ. ಇವರ ಮೊದಲ ವಿಂಟೇಜ್ (ದ್ರಾಕ್ಷಿ ಕೊಯ್ದ ವರ್ಷ) 1978. ಈಗಿನ ಲಾಂಗ್‌ಡಾಕ್ ಎಒಸಿಯ ಹಳೇ ರೂಪವಾದ ಕೋತೋ ದ್ಯು ಲಾಂಗ್‌ಡಾಕ್‌ಗೆ ಎಒಸಿ ಸಿಕ್ಕಿದ್ದೇ 1985ರಲ್ಲಿ. ಅಂದರೆ ಇವರು ಎಒಸಿಯಿಂದ ಹೊರಗೆ ಬಿದ್ದವರಲ್ಲ, ಎಒಸಿ ಬರುವುದಕ್ಕೆ ಮುಂಚೆಯೇ ತಮ್ಮ ದಾರಿ ಹಿಡಿದವರು. ಆಮೇಲೆ ನಿಯಮ ಬಂತು ಅಂತ ಬಳ್ಳಿ ಕಿತ್ತು ಬೇರೆ ನೆಡಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ನನಗನ್ನಿಸುತ್ತದೆ, ಯಾಕೆಂದರೆ ಬಳ್ಳಿಗೆ ವಯಸ್ಸಾಗುವುದಕ್ಕೆ ಒಂದು ತಲೆಮಾರು ಬೇಕು, ಕಾಗದದ ಮೇಲಿನ ನಿಯಮ ಒಂದು ಸಭೆಯಲ್ಲಿ ಬದಲಾಗುತ್ತದೆ.

ಇವರೊಬ್ಬರೇ ಅಲ್ಲ. ಪ್ರೊವಾನ್ಸ್‌ನಲ್ಲಿ ದೊಮೇನ್ ದ ತ್ರೆವಾಲ್ಲೋಂ ಅಂತ ಇದೆ. ಅರ್ಧ ಕ್ಯಾಬರ್ನೆ, ಅರ್ಧ ಸಿರಾ. ಅಲ್ಲಿನ ಲೆ ಬೋ ಎಒಸಿ ನಿಯಮ ಕ್ಯಾಬರ್ನೆಗೆ ಶೇಕಡ 20ರ ಮಿತಿ ಹಾಕಿತು, ಅವರು ಎಒಸಿಯನ್ನೇ ಬಿಟ್ಟು 1994ರ ವಿಂಟೇಜ್‌ನಿಂದ ವಾಂ ದ ಪೇಯಿ ಅಂತ ಮಾರಿದರು. ವೈನ್ ಬದಲಾಗಲಿಲ್ಲ, ಕೊಳ್ಳುವವರೂ ಕಡಿಮೆಯಾಗಲಿಲ್ಲ. ಇಟಲಿಯ ಹೆಸರಾಂತ ವೈನ್ ಸಸ್ಸಿಕಾಯಾ ಕೂಡ ಬಹಳ ವರ್ಷ ಬರೀ ಟೇಬಲ್ ವೈನ್ ಅನ್ನುವ ದರ್ಜೆಯಲ್ಲೇ ಇತ್ತು.

---

ಕೆಂಪುಮಣ್ಣು ಬರೆದದ್ದು:

ಬಳ್ಳಿಬೇರು ಅವರು ನಿಯಮದ ಕಡೆಯಿಂದ ಚೆನ್ನಾಗಿ ಹೇಳಿದ್ದಾರೆ. ಒಂದೇ ಸೇರ್ಪಡೆ: ಲಾಂಗ್‌ಡಾಕ್‌ನಲ್ಲಿ ಕ್ಯಾಬರ್ನೆಗೆ ಎಲ್ಲೂ ಜಾಗವಿಲ್ಲ ಅಂತ ಓದುಗರು ಅಂದುಕೊಳ್ಳಬಾರದು. ಪಶ್ಚಿಮದ ಕಡೆ, ಕಾರ್ಕಸೋನ್ ಸುತ್ತಮುತ್ತ, ಕಬಾರ್ದೆಸ್ ಮತ್ತು ಮಾಲ್‌ಪೇರ್ ಅನ್ನುವ ಎಒಸಿಗಳಲ್ಲಿ ಬೋರ್ಡೋ ತಳಿಗಳು ನಡೆಯುತ್ತವೆ. ಅಲ್ಲಿ ಅಟ್ಲಾಂಟಿಕ್ ಗಾಳಿ ಬರುತ್ತದೆ. ದೋಮಾಸ್ ಗಸ್ಸಾಕ್ ತೋಟದ ಊರಾದ ಅನ್ಯಾನ್ ಇರುವುದು ಪೂರ್ವದ ಕಡೆ, ಮೆಡಿಟರೇನಿಯನ್ ಬಿಸಿಲಿನ ಸೀಮೆ. ಹಾಗಾಗಿ 'ಇಲ್ಲಿ ಕ್ಯಾಬರ್ನೆಗೆ ಏನು ಕೆಲಸ' ಅನ್ನುವ ನಿಮ್ಮ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ.

ಉತ್ತರ ಮಣ್ಣಿನಲ್ಲಿದೆ. ಈ ತೋಟ ಶುರು ಮಾಡಿದ ಏಮೆ ಗಿಬೇರ್ ಅವರದ್ದು ಮಿಯೋ ಊರಿನ ಚರ್ಮದ ವ್ಯಾಪಾರದ ಮನೆತನ, ಕೈಗವಸು ಮಾಡುವ ಊರು ಅದು. ಅವರು ಮತ್ತು ಹೆಂಡತಿ ವೆರೊನಿಕ್ 1970ರ ಸುಮಾರಿಗೆ ಅನ್ಯಾನ್ ಪಕ್ಕದ ಗಸ್ಸಾಕ್ ಹಳ್ಳದ ಕಣಿವೆಯಲ್ಲಿ ದೋಮಾಸ್ ಕುಟುಂಬದ ಹಳೇ ತೋಟದ ಮನೆ ಕೊಂಡರು. ವಾಸಕ್ಕೆ ಅಂತ ಕೊಂಡ ಜಾಗ. ವೈನ್ ಮಾಡಬೇಕು ಅನ್ನುವ ಲೆಕ್ಕಾಚಾರ ಇರಲಿಲ್ಲ. ಬೋರ್ಡೋ ವಿಶ್ವವಿದ್ಯಾಲಯದ ಭೂಗೋಳದ ಪ್ರೊಫೆಸರ್ ಆನ್ರಿ ಆಂಜಾಲ್ಬೇರ್ ಅಲ್ಲಿಗೆ ಬಂದವರು ಮಣ್ಣು ನೋಡಿ ನಿಂತುಬಿಟ್ಟರು. ಹಿಮಯುಗದ ಕಾಲದಲ್ಲಿ ಗಾಳಿ ಹೊತ್ತು ತಂದು ಸುರಿದ ಕೆಂಪು ಮಣ್ಣು, ಸಣ್ಣಗೆ ಪುಡಿಪುಡಿ, ತುಂಬಾ ಆಳ. ಕೆಳಗೆ ಸುಣ್ಣಕಲ್ಲು. ಸಾರ ಕಡಿಮೆ, ನೀರು ನಿಲ್ಲುವುದೇ ಇಲ್ಲ. ಇಂಥ ಕಡೆ ಬಳ್ಳಿ ಬದುಕಬೇಕು ಅಂದರೆ ಬೇರು ಆಳಕ್ಕೆ ಇಳಿಯಲೇಬೇಕು. ದೊಡ್ಡ ವೈನ್ ಮಾಡಬಹುದಾದ ಜಾಗ ಇದು ಅಂತ ಅವರು ಹೇಳಿದ ಮೇಲೆಯೇ ನೆಡುವ ಕೆಲಸ ಶುರುವಾಗಿದ್ದು.

ಮಣ್ಣಿನ ಜೊತೆಗೆ ಗಾಳಿ. ಉತ್ತರಕ್ಕೆ ಲಾರ್ಜಾಕ್ ಪ್ರಸ್ಥಭೂಮಿ ಇದೆ. ರಾತ್ರಿ ಅಲ್ಲಿಂದ ತಣ್ಣನೆಯ ಗಾಳಿ ಈ ಕಣಿವೆಗೆ ಇಳಿಯುತ್ತದೆ. ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಂಪಾಗುವುದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ. ಬಯಲಿನ ತೋಟಗಳಿಗಿಂತ ಕೊಯ್ಲು ತಡ. ಅದಕ್ಕೇ ಈ ವೈನ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡ 13ರ ಆಸುಪಾಸು ನಿಲ್ಲುತ್ತದೆ. ಸುತ್ತಮುತ್ತಲಿನ ಎಷ್ಟೋ ರೆಡ್‌ಗಳು 14, 14.5 ದಾಟುತ್ತವೆ.

ನಾನು ಆ ಕಡೆ ಹೋಗಿದ್ದಾಗ ಗಮನಿಸಿದ್ದು ಹೇಳುತ್ತೇನೆ. ಅಲ್ಲಿ ದ್ರಾಕ್ಷಿತೋಟ ಅಂದರೆ ಕಣ್ಣು ಹಾಯುವಷ್ಟು ದೂರ ಒಂದೇ ಹಾಸು ಅಲ್ಲ. ಕುರುಚಲು ಕಾಡಿನ ಮಧ್ಯೆ ಸಣ್ಣಸಣ್ಣ ತುಂಡು. ಒಂದು ತುಂಡು ದಾಟಿದರೆ ಮತ್ತೆ ಓಕ್ ಪೊದೆ, ಕಾಡು ತೈಮ್, ರೋಸ್‌ಮರಿ, ಆಮೇಲೆ ಇನ್ನೊಂದು ತುಂಡು. ದಾರಿ ಕೊರೆದ ಕಡೆ ಮಣ್ಣಿನ ಗೋಡೆ ಕಾಣುತ್ತದೆ. ಬೆರಳಿಂದ ಕೆರೆದರೆ ಉಂಡೆ ಕಟ್ಟದೆ ಸರ್ರನೆ ಪುಡಿಯಾಗಿ ಉದುರುತ್ತದೆ, ಕೈಯೆಲ್ಲ ಕೆಂಪು. ಆ ಗೋಡೆಯಲ್ಲಿ ನನ್ನ ಎತ್ತರಕ್ಕಿಂತ ಕೆಳಗೆ ಕೂಡ ಬೇರಿನ ಎಳೆಗಳು ಇಣುಕುತ್ತಿದ್ದವು. ಪುಸ್ತಕದಲ್ಲಿ ಎಷ್ಟು ಓದಿದರೂ ಸಿಗದ ತಿಳಿವಳಿಕೆ ಅದು. ಕಳೆನಾಶಕ, ರಾಸಾಯನಿಕ ಗೊಬ್ಬರ ಹಾಕುವುದಿಲ್ಲ, ಕಾಡನ್ನು ಮಧ್ಯೆ ಉಳಿಸಿಕೊಂಡಿರುವುದರಿಂದ ಹುಳ ಹಕ್ಕಿ ಎಲ್ಲ ತಮ್ಮ ಪಾಡಿಗೆ ಇವೆ.

ವೈನ್ ಮಾಡುವ ಕಡೆಯಿಂದ ಕೈ ಹಿಡಿದದ್ದು ಎಮಿಲ್ ಪೆಯ್ನೋ. ಬೋರ್ಡೋದ ಆ ಕಾಲದ ದೊಡ್ಡ ವೈನ್ ತಜ್ಞ, ಅದೇ ಸುಮಾರಿಗೆ ಅಲ್ಲಿನ ಹೆಸರಾಂತ ತೋಟ ಶಾಟೋ ಮಾರ್ಗೋಗೆ ಸಲಹೆ ಕೊಡುತ್ತಿದ್ದವರು. ಅಂಥವರು ಯಾರೂ ಕೇಳದ ಕಣಿವೆಯ ಮೊದಲ ವಿಂಟೇಜ್‌ಗೆ ಸಲಹೆ ಕೊಡಲು ಒಪ್ಪಿಕೊಂಡರು. 1982ರಲ್ಲಿ ಗೋ ಎ ಮಿಯೋ ಪತ್ರಿಕೆ ಇದನ್ನು, ಬೋರ್ಡೋದ ಅತಿ ಹೆಸರಾಂತ ವೈನ್‌ಗೆ ಹೋಲಿಸಿ, ಲಾಂಗ್‌ಡಾಕ್‌ನ ಶಾಟೋ ಲಫೀತ್ ಅಂತ ಕರೆಯಿತು. ಹೆಸರು ಹರಡಿದ್ದು ಆಗ.

---

ನೇರಮಾತು ಬರೆದದ್ದು:

ಮಣ್ಣು, ಗಾಳಿ ಎಲ್ಲ ಒಪ್ಪಿದೆ. ಆದರೆ ಬೆಲೆಯ ಪ್ರಶ್ನೆಗೆ ಮಣ್ಣಷ್ಟೇ ಉತ್ತರ ಅಲ್ಲ. ಹೊಸರುಚಿ ಅವರು ಕೇಳಿದ್ದು 50 ಯೂರೋ ಯಾಕೆ ಅಂತ. ಅದರಲ್ಲಿ ಒಂದು ಪಾಲು ಹೆಸರಿಗೆ. ಅದನ್ನು ಬಚ್ಚಿಡಬೇಕಾಗಿಲ್ಲ. ಮೊದಲು ಬಂದವರಿಗೆ ಆ ಹೆಸರು ಸಿಕ್ಕಿದೆ, ಮತ್ತು ಅದು ನ್ಯಾಯವಾಗಿಯೇ ಸಿಕ್ಕಿದೆ.

ಯಾಕೆ ನ್ಯಾಯ ಅಂದರೆ, 1970ರ ದಶಕದ ಲಾಂಗ್‌ಡಾಕ್ ಹೇಗಿತ್ತು ಅಂತ ನೋಡಿ. ಅಗ್ಗದ ವೈನ್ ಟ್ಯಾಂಕರ್‌ಗಟ್ಟಲೆ ಮಾಡುವ ಸೀಮೆ. ಕೊಳ್ಳುವವರಿಲ್ಲ, ಬೆಲೆ ಬಿದ್ದಿದೆ, ಬೆಳೆಗಾರರು ಬೀದಿಗೆ ಇಳಿದಿದ್ದಾರೆ. 1976ರ ಮಾರ್ಚ್‌ನಲ್ಲಿ ಮೊಂತ್ರೆದೋಂ ಅನ್ನುವಲ್ಲಿ ಬೆಳೆಗಾರರಿಗೂ ಪೊಲೀಸರಿಗೂ ಗುಂಡಿನ ಕಾಳಗವೇ ಆಗಿ ಎರಡೂ ಕಡೆ ಒಬ್ಬೊಬ್ಬರು ಸತ್ತರು. ಅದಾಗಿ ಎರಡೇ ವರ್ಷಕ್ಕೆ ಅದೇ ಸೀಮೆಯಲ್ಲಿ ಒಬ್ಬ ಹೊರಗಿನ ವ್ಯಾಪಾರಿ, ಇಪ್ಪತ್ತು ವರ್ಷ ಇಟ್ಟು ಕುಡಿಯುವ ವೈನ್ ಮಾಡುತ್ತೇನೆ ಅಂತ ಹೊರಟರೆ ನಂಬುವವರು ಯಾರು? ಇವರು ದಾರಿ ತೋರಿಸಿದ ಮೇಲೆಯೇ ಬೇರೆಯವರಿಗೂ ಧೈರ್ಯ ಬಂತು. ಅದೇ ಅನ್ಯಾನ್‌ನಲ್ಲಿ ಗ್ರಾಂಜ್ ದೆ ಪೇರ್ ಅಂತ ಇದೆ, 1992ರಿಂದ ವೈನ್ ಮಾಡುತ್ತಿದೆ. ಸಿರಾ, ಮೂರ್ವೆದ್ರ್, ಕ್ಯಾಬರ್ನೆ ಸೇರಿಸುತ್ತಾರೆ. ಅದೂ ಎಒಸಿ ಅಲ್ಲ. ಬೆಲೆ ನೋಡಿದರೆ ದೋಮಾಸ್ ಗಸ್ಸಾಕ್‌ಗಿಂತಲೂ ಜಾಸ್ತಿ.

ಇನ್ನು ಮೊಂಡಾವಿ ಜಗಳ ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. 2000ದಲ್ಲಿ ಕ್ಯಾಲಿಫೋರ್ನಿಯಾದ ಮೊಂಡಾವಿ ಕಂಪನಿ ಅನ್ಯಾನ್ ಪಂಚಾಯಿತಿಗೆ ಸೇರಿದ ಆರ್ಬುಸಾಸ್ ಗುಡ್ಡದ ಕಾಡಿನಲ್ಲಿ ದ್ರಾಕ್ಷಿತೋಟ ಮಾಡುವುದಕ್ಕೆ ಬಂತು. ಆಗಿನ ಮೇಯರ್ ಒಪ್ಪಿದ್ದರು. ಊರಿಗೆ ಕೆಲಸ ಬರುತ್ತೆ, ಹೆಸರು ಬರುತ್ತೆ ಅಂತ ಕೆಲವು ಬೆಳೆಗಾರರೂ ಪರವಾಗಿದ್ದರು. ಗಿಬೇರ್, ಪರಿಸರದವರು, ಬೇಟೆಗಾರರು ವಿರೋಧಿಸಿದರು. 2001ರ ಮಾರ್ಚ್ ಚುನಾವಣೆಯಲ್ಲಿ ಇದೇ ದೊಡ್ಡ ವಿಷಯವಾಯಿತು. ವಿರೋಧದ ಪರ ನಿಂತ ಕಮ್ಯುನಿಸ್ಟ್ ಪಕ್ಷದ ಮಾನ್ಯುಯೆಲ್ ದಿಯಾಜ್ ಗೆದ್ದರು. ಮೊಂಡಾವಿ ವಾಪಸ್ ಹೋಯಿತು. ಗಿಬೇರ್ ಕಾಡನ್ನು ಉಳಿಸಿದರು ಅಂತ ಒಂದು ಗುಂಪು, ಪೈಪೋಟಿಗೆ ಬಾಗಿಲು ಹಾಕಿದರು ಅಂತ ಇನ್ನೊಂದು ಗುಂಪು. ನನ್ನ ಅಭಿಪ್ರಾಯ ಕೇಳಿದರೆ ಎರಡರಲ್ಲೂ ಸತ್ಯ ಇದೆ. ಆದರೂ ಊರಿನ ಕಾಡು ಊರಿಗೆ ಉಳಿದದ್ದು ಒಳ್ಳೆಯದೇ ಆಯಿತು. ಅದು ಒಮ್ಮೆ ಹೋದರೆ ಯಾವ ಹಣಕ್ಕೂ ವಾಪಸ್ ಬರುವಂಥದ್ದಲ್ಲ. ಗಿಬೇರ್ 2016ರಲ್ಲಿ ತೀರಿಕೊಂಡರು. ಈಗ ತೋಟ ನೋಡಿಕೊಳ್ಳುವುದು ಮಕ್ಕಳು.

ಹೊಸರುಚಿ, ನಿಮಗೊಂದು ಎಚ್ಚರಿಕೆ. ಇದೇ ಮನೆಯಿಂದ ಮುಲಾಂ ದ ಗಸ್ಸಾಕ್ ಅನ್ನುವ ಹೆಸರಲ್ಲಿ ಬೇರೆ ಸಾಲಿನ ವೈನ್ ಬರುತ್ತದೆ. ವಿಲ್‌ವೆರಾಕ್ ಊರಿನ ಬೆಳೆಗಾರರ ಸಹಕಾರಿಯ ಜೊತೆ ಸೇರಿ ಮಾಡಿದ್ದು. ಹಳೇ ಬಳ್ಳಿ ಕಿತ್ತುಹಾಕಿದರೆ ಸಹಾಯಧನ ಸಿಗುತ್ತಿದ್ದ ಕಾಲದಲ್ಲಿ ಆ ಬಳ್ಳಿಗಳು ಉಳಿಯುವುದಕ್ಕೆ ಇದು ಒಂದು ದಾರಿಯಾಯಿತು. ದಿನಬಳಕೆಗೆ ಚೆನ್ನಾಗಿದೆ, ಬೆಲೆ ತುಂಬಾ ಕಡಿಮೆ. ಆದರೆ ಅದು ಈ ಕಣಿವೆಯ ಹಣ್ಣಲ್ಲ. ಉಡುಗೊರೆಗೆ ತರುವಾಗ ಲೇಬಲ್ ಪೂರ್ತಿ ಓದಿ, 'ಮಾಸ್ ದ ದೋಮಾಸ್' ಅಂತ ಇರಬೇಕು.

---

ಹೊಸರುಚಿ ಮತ್ತೆ ಬರೆದದ್ದು:

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಅನ್ಯಾನ್ ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ, ಒಂದು ಶನಿವಾರ ಹೋಗಿ ಆ ಮಣ್ಣು ನೋಡಿಯೇ ಬರುತ್ತೇನೆ. ಬಾಟಲಿ ಅದೇ ಕೊಡುವುದು ಅಂತ ತೀರ್ಮಾನವಾಯಿತು.

ಈಗ ಉಳಿದಿರುವುದು ಒಂದು ವಿಷಯ. ನಮ್ಮ ಹಿರಿಯರ ಸ್ವಭಾವ ನನಗೆ ಗೊತ್ತು. ಕೈಗೆ ಕೊಟ್ಟ ತಕ್ಷಣ ಎಲ್ಲರ ಮುಂದೆ ತೆರೆದು ಹಂಚಿಬಿಡುತ್ತಾರೆ. 2019ರದ್ದನ್ನು ಹಾಗೆ ತೆರೆದರೆ ವೈನ್ ವ್ಯರ್ಥ ಆಗುತ್ತದಾ? ಇನ್ನೂ ಹಳೇ ವಿಂಟೇಜ್ ಹುಡುಕಬೇಕಾ?

---

ತಂಪುನೆಲಮನೆ ಬರೆದದ್ದು:

ವ್ಯರ್ಥ ಖಂಡಿತ ಆಗುವುದಿಲ್ಲ. ಆದರೆ ಬಾಟಲಿ ತೆರೆದು ನೇರ ಲೋಟಕ್ಕೆ ಸುರಿದರೆ ಅದರ ಅರ್ಧ ಗುಣವೂ ಕಾಣುವುದಿಲ್ಲ.

ಈ ವೈನ್‌ನ ಸ್ವಭಾವ ಬೋರ್ಡೋ ಕಡೆಯದ್ದು. ಸಿಪ್ಪೆಯ ಜೊತೆ ತುಂಬಾ ದಿನ ನೆನೆಸುತ್ತಾರೆ, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಓಕ್ ಪೀಪಾಯಿಯಲ್ಲಿಡುತ್ತಾರೆ. ಪೀಪಾಯಿಗಳಲ್ಲಿ ಹೊಸದು ಕಡಿಮೆ, ಅದಕ್ಕೇ ಮರದ ವಾಸನೆ ಮುಂದೆ ಬಂದು ನಿಲ್ಲುವುದಿಲ್ಲ. ಸೋಸುವುದೂ ಇಲ್ಲ. ಹಾಗಾಗಿ ಎಳೆಯ ವಯಸ್ಸಿನಲ್ಲಿ ಕಪ್ಪು ದ್ರಾಕ್ಷಿಯಂಥ ಹಣ್ಣಿನ ರುಚಿ ಇದ್ದರೂ ಒಗರು ಬಿಗಿಯಾಗಿರುತ್ತದೆ. ಮೊದಲ ಗುಟುಕಿಗೆ ನಾಲಿಗೆ, ಒಸಡು ಎಲ್ಲ ಹಿಡಿದುಕೊಂಡಂತೆ ಆಗುತ್ತದೆ. ಹತ್ತು ವರ್ಷ ದಾಟಿದ ಮೇಲೆ ಆ ಒಗರು ಕರಗುತ್ತಾ ಬರುತ್ತದೆ, ಒಣ ಎಲೆ, ಚರ್ಮ, ಕಾಡು ತೈಮ್ ಇಂಥ ಪರಿಮಳಗಳು ಎದ್ದು ಬರುತ್ತವೆ. ಒಳ್ಳೆಯ ವಿಂಟೇಜ್ ಆದರೆ ಇಪ್ಪತ್ತು ವರ್ಷ ಆರಾಮಾಗಿ ಇರುತ್ತದೆ. ಇದರ ಹತ್ತಿರ ಜೋರಾದ, ಸಿಹಿ ಅನ್ನಿಸುವಷ್ಟು ಮಾಗಿದ ಹಣ್ಣಿನ ರುಚಿ ಹುಡುಕಬೇಡಿ. ಅದು ಬೇಕಿದ್ದವರಿಗೆ ಇದು ಮೊದಲು ಸ್ವಲ್ಪ ಸಪ್ಪೆ ಅಂತಲೂ ಅನ್ನಿಸಬಹುದು. ನನಗೆ ಇದರಲ್ಲಿ ಇಷ್ಟವಾಗುವುದೇ ಆ ಸಂಕೋಚ. ಎರಡನೇ ಲೋಟ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ, ಊಟದ ಕೊನೆಗೆ ಇನ್ನೂ ಚೆನ್ನಾಗಿರುತ್ತದೆ.

ನಿಮ್ಮ ಹಿರಿಯರು ಅವತ್ತೇ ತೆರೆಯುವುದು ಖಂಡಿತ ಅಂತಾದರೆ ಹೀಗೆ ಮಾಡಿ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಷ್ಟು ಏನಾದರೂ ಇದ್ದರೆ ತಳ ಸೇರುತ್ತದೆ. ಕುಡಿಯುವುದಕ್ಕೆ ಎರಡು ಗಂಟೆ ಮುಂಚೆ ತೆರೆದು ಅಗಲ ತಳದ ಡಿಕ್ಯಾಂಟರ್‌ಗೆ ಬಗ್ಗಿಸಿ. ಡಿಕ್ಯಾಂಟರ್ ಇಲ್ಲದಿದ್ದರೆ ಗಾಜಿನ ಹೂಜಿ ಸಾಕು, ವಾಸನೆ ಇಲ್ಲದಂತೆ ತೊಳೆದಿರಬೇಕು ಅಷ್ಟೇ. ಜುಲೈ ತಿಂಗಳ ಮಾಂಪೆಲಿಯೆ ಸೆಖೆಯಲ್ಲಿ ರೂಮಿನ ಬಿಸಿಗೆ ಇಟ್ಟರೆ ವೈನ್ ಕೆಟ್ಟದಾಗಿ ಕಾಣುತ್ತದೆ, ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ. 17 ಡಿಗ್ರಿ ಆಸುಪಾಸು ಇರಲಿ. ಬೇಸಿಗೆಯಾದರೆ ತೆರೆಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ.

ಹಳೇ ವಿಂಟೇಜ್ ಹುಡುಕುವುದಕ್ಕೆ ನಾನಂತೂ ಹೇಳುವುದಿಲ್ಲ. ಎಲ್ಲಿ, ಹೇಗೆ ಇಟ್ಟಿದ್ದರು ಅಂತ ತಿಳಿಯದ ಹಳೇ ಬಾಟಲಿಗಿಂತ ಚೆನ್ನಾಗಿ ಇಟ್ಟ ಎಳೇ ಬಾಟಲಿ ಮೇಲು. ಕೈಯಲ್ಲಿ ಹಣ ಇದ್ದು ಅವರ ಮೇಲೆ ಅಷ್ಟು ಅಭಿಮಾನ ಇದ್ದರೆ ಎರಡು ಬಾಟಲಿ ಕೊಡಿ. ಒಂದು ಅವತ್ತು ಎಲ್ಲರ ಜೊತೆ ತೆರೆಯುವುದಕ್ಕೆ, ಇನ್ನೊಂದು 2030ರ ಆಚೆಗೆ ಅಂತ ಚೀಟಿ ಬರೆದು ಅಂಟಿಸಿ. ಎರಡನೆಯದನ್ನು ಮಲಗಿಸಿಡಲು ಹೇಳಿ, ಕಾರ್ಕ್ ಒಣಗಬಾರದು. ಬೆಳಕು ಬೀಳದ, ಬಿಸಿ ಏರಿಳಿತ ಇಲ್ಲದ ಜಾಗ. ಆ ಕಡೆಯ ಹಳೇ ಮನೆಗಳಲ್ಲಿ ನೆಲಮಾಳಿಗೆ ಇದ್ದೇ ಇರುತ್ತದೆ, ಅವರಿಗೆ ಹೇಳಿಕೊಡಬೇಕಾಗಿಯೇ ಬರಲಿಕ್ಕಿಲ್ಲ.

---

ಬಳ್ಳಿಬೇರು ಬರೆದದ್ದು:

ತಂಪುನೆಲಮನೆ ಹೇಳಿದ ಎರಡು ಬಾಟಲಿ ಐಡಿಯಾ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ತೋಟಕ್ಕೆ ಹೋಗುತ್ತೀರಿ ಅಂದಿರಲ್ಲ, ಅಲ್ಲಿ ಇವರ ಬಿಳಿ ವೈನ್ ಕೂಡ ರುಚಿ ನೋಡಿ. ವಿಯೋನ್ಯೆ, ಶಾರ್ದೊನೇ, ಪೆತಿ ಮಾಂಸೆಂಗ್, ಶೆನಾಂ ಸೇರಿಸಿ ಮಾಡುತ್ತಾರೆ. ರೆಡ್‌ನ ಹಾಗಲ್ಲ, ಎಳೆಯದರಲ್ಲೇ ಪರಿಮಳ ತುಂಬಿರುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ, ಅದರಲ್ಲೂ ಸೆಪ್ಟೆಂಬರ್ ಕೊಯ್ಲಿನ ಸಮಯವಾದರೆ ಯಾರಿಗೂ ಕೈ ಬಿಡುವಿರುವುದಿಲ್ಲ. ವಾಪಸ್ ಬರುವಾಗ ಸಾಂ ಗಿಲೆಮ್ ಲ ದೆಸೆರ್ ಊರಿನೊಳಗೆ ಒಂದು ಸುತ್ತು ಹಾಕಿ ಬನ್ನಿ, ನಿಮ್ಮ ಲೇಬಲ್ ಮೇಲಿರುವ ಊರು ಅದೇ. ಅಲ್ಲಿನ ಮಠ ಒಂಬತ್ತನೇ ಶತಮಾನದ ಶುರುವಿನಲ್ಲಿ ಸ್ಥಾಪನೆಯಾದದ್ದು. ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಬೆಳಿಗ್ಗೆ ಬೇಗ ಹೋಗಿ.